ಸರ್ಕಾರ, ಸೇನೆ, ನೆರೆಹೊರೆ: ನನ್ನ ಕೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜುಗಳಿಗೆ ಮಾತಾಡಲು ಹೋದಾಗ, ಮದುವೆ ಮನೆಯ ಊಟದ ಸಾಲಿನಲ್ಲಿ, ಇಮೇಲ್‌ನಲ್ಲಿ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಪ್ರತಿ ಸಲ ಹೊಸದಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ಒಂದೆರಡು ಸಾಲು ಸಾಕಾಗಿದೆ.

ನೀವು ಮಾಡುವ ಕೆಲಸ ಏನು? ಯುದ್ಧಗಳ ಬಗ್ಗೆ ಬರೆಯೋದಾ?

ಯುದ್ಧದ ಬಗ್ಗೆ ಬರೆಯುವುದು ಕಡಿಮೆ. ನಾನು ನೋಡುವುದು ಸರ್ಕಾರ ಮತ್ತು ಸೇನೆಯ ನಡುವಿನ ಸಂಬಂಧವನ್ನು. ಜನ ಓಟು ಹಾಕಿ ಆರಿಸಿದವರ ಕೈಯಲ್ಲಿ ಬಂದೂಕಿಲ್ಲ. ಬಂದೂಕಿರುವವರನ್ನು ಜನ ಆರಿಸಿಲ್ಲ. ಹಾಗಿದ್ದೂ ಎರಡನೆಯವರು ಮೊದಲನೆಯವರ ಮಾತು ಯಾಕೆ ಕೇಳುತ್ತಾರೆ? ಕೆಲವು ದೇಶಗಳಲ್ಲಿ ಯಾಕೆ ಕೇಳುವುದಿಲ್ಲ? ಇಷ್ಟೇ ವಿಷಯ.

ದಿನನಿತ್ಯದ ಕೆಲಸದಲ್ಲಿ ಇದು ಬಹಳ ಒಣ ಪ್ರಶ್ನೆಗಳಾಗಿ ಒಡೆಯುತ್ತದೆ. ಜನರಲ್‌ಗಳಿಗೆ ಬಡ್ತಿ ಕೊಡುವ ಕಡತಕ್ಕೆ ಕೊನೆಯ ಸಹಿ ಯಾರದು? ಫಿರಂಗಿ ಕೊಳ್ಳಲು ಹಣ ಯಾರು ಬಿಡುಗಡೆ ಮಾಡುತ್ತಾರೆ? ಗಡಿಯಲ್ಲಿ ಗುಂಡು ಹಾರಿದ ರಾತ್ರಿ ದೆಹಲಿಯ ಸಭೆಯಲ್ಲಿ ಯಾರೆಲ್ಲ ಕೂತಿದ್ದರು, ಯಾರನ್ನು ಕರೆಯಲಿಲ್ಲ? ಕೆಟ್ಟದ್ದಾದರೆ ಉತ್ತರ ಕೊಡಬೇಕಾದವರು ಯಾರು? ಇದೇ ಪ್ರಶ್ನೆಗಳನ್ನು ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಮ್ಯಾನ್ಮಾರ್‌ಗಳ ಬಗ್ಗೆಯೂ ಕೇಳುತ್ತೇನೆ.

ನಿಮ್ಮ ಮನೆಯಲ್ಲಿ ಯಾರಾದರೂ ಸೇನೆಯಲ್ಲಿದ್ದರಾ? ಕೊಡಗಿನವರಾ?

ಎರಡೂ ಇಲ್ಲ. ಹಾಸನ ಕಡೆಯವಳು, ಅಪ್ಪ ಮೇಷ್ಟ್ರು. ಆದರೆ ಈ ವಿಷಯ ಓದುವ ಕನ್ನಡಿಗರು ಯಾರೇ ಆಗಲಿ, ಒಂದಲ್ಲ ಒಂದು ದಿನ ಮಡಿಕೇರಿಗೆ ಬಂದೇ ಬರುತ್ತಾರೆ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರು ಕೊಡಗಿನ ಕಾರ್ಯಪ್ಪ. ಅವರು 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡರು. ಆ ದಿನವೇ ಇವತ್ತಿಗೂ ಸೇನಾ ದಿನ. ಎಂಟು ವರ್ಷದ ಮೇಲೆ ಅದೇ ಕುರ್ಚಿಗೆ ಬಂದ ತಿಮ್ಮಯ್ಯನವರೂ ಕೊಡಗಿನವರೇ. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ. ಹೋದವರು ಟ್ಯಾಂಕ್ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ನನ್ನ ಕೆಲಸಕ್ಕೆ ಬೇಕಾದ ತಿಮ್ಮಯ್ಯನವರ ಕತೆ ಬೇರೆ, ಅದು ಮುಂದಿನ ಪ್ರಶ್ನೆ.

ತಿಮ್ಮಯ್ಯ ರಾಜೀನಾಮೆ ಕೊಟ್ಟಿದ್ದರಂತೆ, ನಿಜವಾ?

ನಿಜ. ಕೊಟ್ಟರು, ವಾಪಸ್ಸೂ ತೆಗೆದುಕೊಂಡರು. ವಿದ್ಯಾರ್ಥಿಗಳಿಗೆ ಈ ವಿಷಯ ಕಲಿಸುವಾಗ ನಾನು ಇಲ್ಲಿಂದಲೇ ಶುರು ಮಾಡುವುದು.

1957ರಲ್ಲಿ ಹೆಚ್ಚುಕಡಿಮೆ ಒಟ್ಟೊಟ್ಟಿಗೇ ಇಬ್ಬರು ಅಧಿಕಾರಕ್ಕೆ ಬಂದರು. ರಕ್ಷಣಾ ಸಚಿವರಾಗಿ ಕೃಷ್ಣ ಮೆನನ್, ಸೇನಾ ಮುಖ್ಯಸ್ಥರಾಗಿ ತಿಮ್ಮಯ್ಯ. ಇಬ್ಬರೂ ಬುದ್ಧಿವಂತರು, ಇಬ್ಬರಿಗೂ ಹೆಸರಿತ್ತು. ಕೊರಿಯಾ ಯುದ್ಧ ನಿಂತ ಮೇಲೆ ಕೈದಿಗಳನ್ನು ವಾಪಸ್ ಕಳಿಸುವ ಆಯೋಗವನ್ನು ತಿಮ್ಮಯ್ಯ ನಡೆಸಿದ್ದರು. ಮೆನನ್ ವಿಶ್ವಸಂಸ್ಥೆಯಲ್ಲಿ ಗಂಟೆಗಟ್ಟಲೆ ಮಾತಾಡಿದವರು. ಇಬ್ಬರಿಗೂ ಹೊಂದಲಿಲ್ಲ. ಬಡ್ತಿಗಳ ವಿಷಯದಲ್ಲಿ, ಅದರಲ್ಲೂ ಬಿ.ಎಂ. ಕೌಲ್ ಎಂಬ ಅಧಿಕಾರಿಯನ್ನು ಮೇಲೆ ತರುವ ವಿಷಯದಲ್ಲಿ, ಜಗಳ ಬಲಿಯಿತು. 1959ರ ಆಗಸ್ಟ್ ಕೊನೆಗೆ ತಿಮ್ಮಯ್ಯ ರಾಜೀನಾಮೆ ಬರೆದುಕೊಟ್ಟರು. ನೆಹರೂ ಕರೆಸಿ ಸಮಾಧಾನ ಮಾಡಿದರು, ತಿಮ್ಮಯ್ಯ ಪತ್ರ ವಾಪಸ್ ಪಡೆದರು. ಅಷ್ಟು ಹೊತ್ತಿಗೆ ಸುದ್ದಿ ಪತ್ರಿಕೆಗೆ ಸೋರಿತ್ತು.

ಸೆಪ್ಟೆಂಬರ್ 2ರಂದು ನೆಹರೂ ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದಲ್ಲಿ ನಾಗರಿಕ ಅಧಿಕಾರವೇ ಮೇಲು, ಅದು ಹಾಗೇ ಇರಬೇಕು ಎಂದರು. ತಿಮ್ಮಯ್ಯ ಹೀಗೆ ಮಾಡಬಾರದಿತ್ತು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಮನೆಯೊಳಗೆ ಸಮಾಧಾನ, ಹೊರಗೆ ಬೈಗುಳ. ಇದಕ್ಕೆ ಹಿಂದಿನ ದಿನ ಏನಾಗಿತ್ತು ಗೊತ್ತಾ? ಪಾಕಿಸ್ತಾನದ ಅಯೂಬ್ ಖಾನ್ ಢಾಕಾಕ್ಕೆ ಹೋಗುವ ದಾರಿಯಲ್ಲಿ ದೆಹಲಿಯ ಪಾಲಂನಲ್ಲಿ ಇಳಿದು ನೆಹರೂ ಜೊತೆ ಮಾತಾಡಿ ಹೋಗಿದ್ದರು. ಸರ್ಕಾರವನ್ನೇ ಕಿತ್ತುಹಾಕಿ ಕುರ್ಚಿ ಹಿಡಿದ ಜನರಲ್ ಒಬ್ಬ ಎದುರಿಗೆ ಕೂತಿದ್ದಾನೆ, ಊರ ತುಂಬ ನಮ್ಮದೇ ಜನರಲ್‌ನ ರಾಜೀನಾಮೆ ಸುದ್ದಿ. ನೆಹರೂ ಅವರ ಮಾತಿನ ಖಾರಕ್ಕೆ ಇದೂ ಒಂದು ಕಾರಣವಿರಬಹುದು ಎಂಬುದು ನನ್ನ ಊಹೆ.

ಮುಂದಿನದ್ದು ಇನ್ನೂ ಮುಖ್ಯ. 1961ರಲ್ಲಿ ತಿಮ್ಮಯ್ಯ ನಿವೃತ್ತರಾದಾಗ ಅವರು ಸೂಚಿಸಿದ್ದ ಥೋರಟ್ ಅವರನ್ನು ಬಿಟ್ಟು ಥಾಪರ್ ಅವರನ್ನು ಮುಖ್ಯಸ್ಥರಾಗಿ ಮಾಡಿದರು. ಕೌಲ್ ಸೇನಾ ಕೇಂದ್ರ ಕಚೇರಿಯ ಆಯಕಟ್ಟಿನ ಹುದ್ದೆಗೆ ಬಂದರು. 1962ರ ಅಕ್ಟೋಬರ್‌ನಲ್ಲಿ ಚೀನಾದ ಮುಂದೆ ಈಶಾನ್ಯ ಗಡಿಯ ಹೊಣೆ ಹೊತ್ತಿದ್ದವರೂ ಇದೇ ಕೌಲ್. ನಡುವೆ ಕಾಯಿಲೆ ಬಿದ್ದು ದೆಹಲಿಗೆ ಬಂದು ಮಲಗಿದರು. ಯುದ್ಧ ಹೇಗೆ ಮುಗಿಯಿತು ಎಂಬುದು ನಿಮಗೆ ಗೊತ್ತಿದೆ. ಮೆನನ್ ಹೋದರು, ಥಾಪರ್ ಹೋದರು, ಕೌಲ್ ಕೂಡ ಹೋದರು.

ತಿಮ್ಮಯ್ಯ ಸರಿಯಾ, ನೆಹರೂ ಸರಿಯಾ ಎಂದು ತರಗತಿಯಲ್ಲಿ ಕೇಳಿದರೆ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ನನ್ನ ಮಟ್ಟಿಗೆ ನೆಹರೂ ಹೇಳಿದ ತತ್ವ ಸರಿ, ಆ ತತ್ವದ ಹೆಸರಿನಲ್ಲಿ ನಡೆದ ಆಡಳಿತ ಸರಿಯಿಲ್ಲ. ಸೇನೆ ಸರ್ಕಾರದ ಮಾತು ಕೇಳಬೇಕು, ಸಂಶಯವೇ ಇಲ್ಲ. ಆದರೆ ಮಾತು ಕೇಳುವ ಮುಂಚೆ ತನಗೆ ಅನ್ನಿಸಿದ್ದನ್ನು ಹೇಳಲು ಸೇನೆಗೆ ಒಂದು ಜಾಗ ಬೇಕು, ಅಲ್ವಾ? 1959ರ ನಂತರ ಆ ಜಾಗ ಕಿರಿದಾಯಿತು.

ಭಾರತದಲ್ಲಿ ಸೇನೆ ಯಾಕೆ ಅಧಿಕಾರ ಹಿಡಿಯಲಿಲ್ಲ? ಪಾಕಿಸ್ತಾನದಲ್ಲಿ ಯಾಕೆ ಹಿಡಿಯಿತು? ಎರಡೂ ಒಂದೇ ಸೇನೆ ಅಲ್ವಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. 'ನಮ್ಮವರು ಒಳ್ಳೆಯವರು, ಅವರು ಕೆಟ್ಟವರು' ಎಂಬ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ಆಗಿನ ಅಧಿಕಾರಿಗಳು ಒಂದೇ ಮೆಸ್‌ನಲ್ಲಿ ಉಂಡವರು, ಒಂದೇ ಅಕಾಡೆಮಿಯಲ್ಲಿ ಕಲಿತವರು. ಕಾರ್ಯಪ್ಪನವರ ಮಗ 1965ರ ಯುದ್ಧದಲ್ಲಿ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಾಗ ಅಯೂಬ್ ಖಾನ್ ಹಳೆಯ ಪರಿಚಯದ ಮೇಲೆ ಬಿಡುಗಡೆ ಮಾಡಿಸಲು ಮುಂದಾದರಂತೆ, ಕೈದಿಗಳೆಲ್ಲ ನನ್ನ ಮಕ್ಕಳೇ ಎಂದು ಕಾರ್ಯಪ್ಪ ಬೇಡ ಅಂದರಂತೆ. ಕೊಡಗಿನಲ್ಲಿ ಈ ಕತೆ ಹೇಳದ ಮನೆ ಇಲ್ಲ. ಇಬ್ಬರ ಸಂಸ್ಕಾರ ಅಷ್ಟು ಹತ್ತಿರದ್ದು. ಬೇರೆಯಾಗಿದ್ದು ಸುತ್ತಲಿನ ಪರಿಸ್ಥಿತಿ.

ಮೊದಲನೆಯದು ಪಕ್ಷ. ಇಲ್ಲಿ ಕಾಂಗ್ರೆಸ್‌ಗೆ ಹಳ್ಳಿಹಳ್ಳಿಯಲ್ಲೂ ಬೇರು ಇತ್ತು. ಮುಸ್ಲಿಂ ಲೀಗ್‌ಗೆ ಪಾಕಿಸ್ತಾನವಾದ ನೆಲದಲ್ಲಿ ಅಂಥ ಬೇರು ಇರಲಿಲ್ಲ. ಜಿನ್ನಾ 1948ರಲ್ಲೇ ತೀರಿಕೊಂಡರು. ಲಿಯಾಖತ್ ಅಲಿ ಖಾನ್ 1951ರಲ್ಲಿ ರಾವಲ್ಪಿಂಡಿಯ ಸಭೆಯಲ್ಲಿ ಗುಂಡಿಗೆ ಬಲಿಯಾದರು. ನಮಗೆ 1950ಕ್ಕೆ ಸಂವಿಧಾನ ಬಂತು, ಅವರಿಗೆ 1956ರವರೆಗೆ ಕಾಯಬೇಕಾಯಿತು. ನಮ್ಮ ಮೊದಲ ಮಹಾ ಚುನಾವಣೆ 1951-52ರಲ್ಲಿ, ಇಡೀ ಪಾಕಿಸ್ತಾನ ನೇರವಾಗಿ ಓಟು ಹಾಕಿದ್ದು 1970ರಲ್ಲಿ. ಈ ಖಾಲಿ ವರ್ಷಗಳಲ್ಲಿ ಗಟ್ಟಿಯಾಗಿ ನಿಂತಿದ್ದ ಸಂಸ್ಥೆ ಎಂದರೆ ಸೇನೆ, ಅದರ ಪಕ್ಕದಲ್ಲಿ ಅಧಿಕಾರಶಾಹಿ. ಅಯೂಬ್ 1954ರಲ್ಲಿ ಸೇನಾ ಮುಖ್ಯಸ್ಥರಾಗಿದ್ದುಕೊಂಡೇ ರಕ್ಷಣಾ ಸಚಿವರೂ ಆದರು! ಅಂದರೆ ತಮ್ಮ ಕಡತಕ್ಕೆ ತಾವೇ ಸಹಿ. 1958ರ ಅಕ್ಟೋಬರ್‌ನಲ್ಲಿ ಅಧಿಕಾರವನ್ನೇ ಹಿಡಿದದ್ದು ಆಮೇಲಿನ ಮಾತು.

ಎರಡನೆಯದು ಸೇನೆಯೊಳಗಿನ ಲೆಕ್ಕ. ಬ್ರಿಟಿಷರು ಕೆಲವೇ ಸಮುದಾಯಗಳಿಂದ, ಅದರಲ್ಲೂ ಪಂಜಾಬಿನಿಂದ, ಜಾಸ್ತಿ ಜನರನ್ನು ತೆಗೆದುಕೊಳ್ಳುತ್ತಿದ್ದರು. ಹಂಚಿಕೆಯಾದಾಗ ಪಾಕಿಸ್ತಾನದ ಪಾಲಿಗೆ ಹೋದ ಸೇನೆಯಲ್ಲಿ ಪಂಜಾಬಿಗಳದ್ದೇ ಮೇಲುಗೈ. ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದ ಪೂರ್ವ ಬಂಗಾಳದವರು ಸೇನೆಯಲ್ಲಿ ಲೆಕ್ಕಕ್ಕೇ ಇರಲಿಲ್ಲ. ನಮ್ಮಲ್ಲಿಯೂ ಅಸಮತೋಲನ ಇತ್ತು, ಈಗಲೂ ಇದೆ. ಆದರೆ ಯಾವ ಒಂದು ಪ್ರಾಂತ್ಯವೂ ಉಳಿದವರನ್ನು ಬಿಟ್ಟು ದೆಹಲಿಯನ್ನು ಹಿಡಿಯುವಷ್ಟು ದೊಡ್ಡದಿರಲಿಲ್ಲ.

ಮೂರನೆಯದು ಸುದ್ದಿಯೇ ಆಗದ ಸಣ್ಣ ಸಣ್ಣ ಕ್ರಮಗಳು. ಬ್ರಿಟಿಷರ ಕಾಲದಲ್ಲಿ ಕಮಾಂಡರ್ ಇನ್ ಚೀಫ್ ಎಂದರೆ ವೈಸ್‌ರಾಯ್ ನಂತರದ ದೊಡ್ಡ ಮನುಷ್ಯ. ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಅವನ ಕೆಳಗೆ. 1947ರಲ್ಲಿ ಮೂರೂ ಪಡೆಗಳಿಗೆ ಬೇರೆ ಬೇರೆ ಮುಖ್ಯಸ್ಥರು ಬಂದರು. 1955ರಲ್ಲಿ ಆ ಹುದ್ದೆಯ ಹೆಸರನ್ನೇ ತೆಗೆದು 'ಚೀಫ್ ಆಫ್ ಸ್ಟಾಫ್' ಮಾಡಿದರು. ಸಂವಿಧಾನದಲ್ಲಿ ಸಶಸ್ತ್ರ ಪಡೆಗಳ ಪರಮಾಧಿಕಾರ ರಾಷ್ಟ್ರಪತಿಯವರದ್ದು. ಕಮಾಂಡರ್ ಇನ್ ಚೀಫ್ ಇರುತ್ತಿದ್ದ ದೆಹಲಿಯ ತೀನ್ ಮೂರ್ತಿ ಬಂಗಲೆಗೆ ಪ್ರಧಾನಿ ನೆಹರೂ ವಾಸಕ್ಕೆ ಬಂದರು. ಯಾವ ಭಾಷಣವೂ ಇಲ್ಲದೆ ಸಂದೇಶ ತಲುಪಿತು.

ನಾಲ್ಕನೆಯದು ಹೊರಗಿನ ಹಣ. ಪಾಕಿಸ್ತಾನಕ್ಕೆ ಅವಿಭಜಿತ ಸೇನೆಯ ಸುಮಾರು ಮೂರನೇ ಒಂದು ಭಾಗ ಬಂತು, ಅದನ್ನು ಸಾಕುವಷ್ಟು ಆದಾಯ ಬರಲಿಲ್ಲ. 1954ರಿಂದ ಅಮೆರಿಕದ ನೆರವು ಶುರುವಾಯಿತು, ಅದು ಸೇನೆಯ ಕೈ ಬಲಪಡಿಸಿತು. ಆಮೇಲೆ ಸೇನೆ ತಾನೇ ವ್ಯವಹಾರಕ್ಕೂ ಇಳಿಯಿತು. ಮಾಜಿ ಸೈನಿಕರ ಹಿತಕ್ಕಾಗಿ ಎಂದು ಹುಟ್ಟಿದ ಫೌಜಿ ಫೌಂಡೇಶನ್ ಈಗ ಗೊಬ್ಬರ, ಸಿಮೆಂಟ್ ಮಾರುತ್ತದೆ, ಬೆಳಗಿನ ತಿಂಡಿಯ ಸೀರಿಯಲ್ ಕೂಡ. ಮೂರು ಸಲ, 1958, 1977 ಮತ್ತು 1999ರಲ್ಲಿ, ಸೇನೆ ಅಧಿಕಾರ ಹಿಡಿದಾಗಲೂ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿಗೆ ಮುದ್ರೆ ಒತ್ತಿತು. ಅಲ್ಲಿ ಇವತ್ತಿನವರೆಗೆ ಒಬ್ಬ ಪ್ರಧಾನಿಯೂ ಐದು ವರ್ಷದ ಅವಧಿ ಪೂರ್ತಿ ಮಾಡಿಲ್ಲ.

ಹಾಗಾದರೆ ನಮ್ಮಲ್ಲಿ ಎಲ್ಲ ಚೆನ್ನಾಗಿದೆ ಅಂತಾಯ್ತಲ್ಲ?

ಇಲ್ಲ. ಇದೊಂದು ಮಾತು ಹೇಳುವುದಕ್ಕೇ ನಾನು ಇಷ್ಟು ವರ್ಷ ಬರೆಯುತ್ತಿದ್ದೇನೆ ಎಂದರೂ ಸರಿಯೇ. ಸೇನೆ ಬಂಡೇಳಲಿಲ್ಲ ಎಂದ ಮಾತ್ರಕ್ಕೆ ಸಂಬಂಧ ಚೆನ್ನಾಗಿದೆ ಎಂದಲ್ಲ. ಜಗಳವಾಡದ ಗಂಡ ಹೆಂಡತಿ ಮಾತೇ ಬಿಟ್ಟಿರಬಹುದು.

1962ರ ಸೋಲಿನಿಂದ ರಾಜಕಾರಣಿಗಳು ಕಲಿತ ಪಾಠ, 'ಸೇನೆಯ ಒಳವಿಷಯಕ್ಕೆ ಕೈ ಹಾಕಬೇಡ' ಎಂಬುದು. ಅದರಿಂದ ಒಂದು ಬರೆಯದ ಒಪ್ಪಂದ ಹುಟ್ಟಿತು. ಯುದ್ಧ ಹೇಗೆ ಮಾಡಬೇಕು, ತರಬೇತಿ ಹೇಗಿರಬೇಕು ಎಂಬುದು ಜನರಲ್‌ಗಳಿಗೆ ಬಿಟ್ಟಿದ್ದು. ಹಣ, ಖರೀದಿ, ಕಡತ ಸಚಿವಾಲಯದ ಐಎಎಸ್ ಅಧಿಕಾರಿಗಳ ಕೈಲಿ. ಸಚಿವರು ಇಬ್ಬರಿಗೂ ತಲೆ ಅಲ್ಲಾಡಿಸುವುದು. ಮೂವರೂ ಒಟ್ಟಿಗೆ ಕೂತು, ನಮಗೆ ಎಂಥ ಸೇನೆ ಬೇಕು, ಯಾರ ವಿರುದ್ಧ, ಎಷ್ಟು ಹಣದಲ್ಲಿ ಎಂದು ಕೇಳುವುದು ಕಡಿಮೆಯಾಯಿತು.

ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ನೇತೃತ್ವದ ಸಮಿತಿ ಇದನ್ನೇ ಎತ್ತಿ ತೋರಿಸಿತು. ದೊಡ್ಡ ಪ್ರಜಾಪ್ರಭುತ್ವಗಳ ಪೈಕಿ ಸೇನಾ ಕೇಂದ್ರ ಕಚೇರಿ ಸರ್ಕಾರದ ಮೇಲ್ಮಟ್ಟದ ವ್ಯವಸ್ಥೆಯಿಂದ ಹೊರಗೇ ಇರುವುದು ಬಹುಶಃ ಭಾರತದಲ್ಲಿ ಮಾತ್ರ ಎಂಬ ಅರ್ಥದ ಮಾತು ಅದರಲ್ಲಿದೆ. 2001ರಲ್ಲಿ ಸಚಿವರ ಗುಂಪು ಮೂರೂ ಪಡೆಗಳಿಗೆ ಒಬ್ಬ ಮುಖ್ಯಸ್ಥ ಬೇಕು ಎಂದಿತು. ಜನರಲ್ ಬಿಪಿನ್ ರಾವತ್ ಆ ಹುದ್ದೆಗೆ ಬಂದದ್ದು 2020ರ ಜನವರಿ 1ಕ್ಕೆ. ನಡುವಿನ ಅಷ್ಟೂ ವರ್ಷ ಕಡತ ಓಡಾಡುತ್ತಲೇ ಇತ್ತು. ಜನರಲ್‌ಗೆ ಬಲ ಜಾಸ್ತಿಯಾಗುತ್ತದೆ ಎಂಬ ಅಂಜಿಕೆ ರಾಜಕಾರಣಿಗಳಿಗೆ, ತಮ್ಮ ಪಡೆ ಸಣ್ಣದಾಗುತ್ತದೆ ಎಂಬ ಅನುಮಾನ ವಾಯುಪಡೆಗೆ, ಜಾಗ ಕೈ ತಪ್ಪುತ್ತದೆ ಎಂಬ ಲೆಕ್ಕ ಅಧಿಕಾರಿಗಳಿಗೆ.

ಇದರ ಪರಿಣಾಮ ನೋಡಬೇಕೆಂದರೆ 2018ರ ಸಂಸದೀಯ ಸ್ಥಾಯಿ ಸಮಿತಿಯ ವರದಿ ತೆಗೆಯಿರಿ. ಆಗಿನ ಉಪ ಸೇನಾ ಮುಖ್ಯಸ್ಥರು ಸಂಸದರ ಮುಂದೆ ಬಂದು, ಸೇನೆಯ ಸಲಕರಣೆಗಳಲ್ಲಿ 68 ಶೇಕಡಾ ಹಳೆಯ ಕಾಲದ್ದು, 24 ಶೇಕಡಾ ಈಗಿನದ್ದು, 8 ಶೇಕಡಾ ಮಾತ್ರ ಅತ್ಯಾಧುನಿಕ ಎಂದು ನೇರವಾಗಿ ಹೇಳಿದರು. ಸಮಿತಿ ಬರೆದುಕೊಂಡಿತು. ಒಂದೆರಡು ದಿನ ಪತ್ರಿಕೆಯಲ್ಲಿ ಬಂತು. ಅಷ್ಟೇ.

ನೆರೆ ದೇಶಗಳ ಸೇನೆ ಏನು ಮಾಡಿಕೊಂಡರೆ ನಮಗೇನು? 'ಪ್ರಾದೇಶಿಕ ಭದ್ರತೆ'ಗೂ ಇದಕ್ಕೂ ಏನು ಸಂಬಂಧ?

ಒಂದು ಉದಾಹರಣೆ ಸಾಕು. 2022ರ ಜೂನ್‌ನಲ್ಲಿ ನಮ್ಮ ಸರ್ಕಾರ ಅಗ್ನಿಪಥ ತಂದಿತು. ನಾಲ್ಕು ವರ್ಷದ ಸೇವೆ, ಆಮೇಲೆ ಕಾಲು ಭಾಗದಷ್ಟು ಜನ ಮಾತ್ರ ಮುಂದುವರಿಯುತ್ತಾರೆ. ನಮಗೆ ಅದು ಉದ್ಯೋಗದ, ಪಿಂಚಣಿಯ ವಿಷಯ. ಬಿಹಾರದಲ್ಲಿ ರೈಲುಗಳಿಗೆ ಬೆಂಕಿ ಬಿತ್ತು, ಟಿವಿಯಲ್ಲಿ ಅದನ್ನೇ ನೋಡಿದೆವು. ಆದರೆ ನಮ್ಮ ಗೂರ್ಖಾ ರೆಜಿಮೆಂಟ್‌ಗಳಿಗೆ ನೇಪಾಳದಿಂದ ಹುಡುಗರು ಬರುವುದು ಭಾರತ, ನೇಪಾಳ, ಬ್ರಿಟನ್ ಮಾಡಿಕೊಂಡ 1947ರ ತ್ರಿಪಕ್ಷೀಯ ಒಪ್ಪಂದದ ಮೇಲೆ. ನಾಲ್ಕು ವರ್ಷ ಬಂದೂಕು ಹಿಡಿದು ಕೆಲಸವಿಲ್ಲದೆ ವಾಪಸ್ ಬರುವ ಯುವಕರ ಬಗ್ಗೆ ಕಠ್ಮಂಡುವಿಗೆ ಚಿಂತೆ ಇತ್ತು, ಹತ್ತು ವರ್ಷ ಅಂತರ್ಯುದ್ಧ ಕಂಡ ದೇಶ ಅದು. ಕೇಳದೆ ಮಾಡಿದಿರಿ ಎಂಬ ಬೇಸರವೂ ಇತ್ತು. ನೇಪಾಳ ಭರ್ತಿಯನ್ನು ನಿಲ್ಲಿಸಿತು. ನಮ್ಮ ಸೇನಾ ಮುಖ್ಯಸ್ಥರಿಗೆ ನೇಪಾಳ ಸೇನೆಯ ಗೌರವ ಜನರಲ್ ಪದವಿ, ಅವರಿಗೆ ನಮ್ಮದು, ಆ ಸಂಪ್ರದಾಯ ಮಾತ್ರ ನಡೆದುಕೊಂಡು ಹೋಗುತ್ತಿದೆ. ದೆಹಲಿಯ ಒಂದು ನೇಮಕಾತಿ ಆದೇಶ ಪಕ್ಕದ ದೇಶದ ಭದ್ರತೆಯ ಪ್ರಶ್ನೆಯಾಗುವುದು ಹೀಗೆ.

ಮ್ಯಾನ್ಮಾರ್ ಇನ್ನೊಂದು. ಅಲ್ಲಿನ 2008ರ ಸಂವಿಧಾನ ಓದಿದರೆ ಸೇನೆಯ ಜಾಣತನಕ್ಕೆ ಬೆರಗಾಗುತ್ತದೆ. ಸಂಸತ್ತಿನ ಕಾಲು ಭಾಗ ಸೀಟು ಸೇನೆಗೆ ಮೀಸಲು. ಮುಖ್ಯ ತಿದ್ದುಪಡಿಗೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಮತ ಬೇಕು. ಲೆಕ್ಕ ಹಾಕಿ ನೋಡಿ, ಸೇನೆ ಒಪ್ಪದೆ ಏನೂ ಆಗದು. ಗೃಹ, ರಕ್ಷಣೆ, ಗಡಿ ಖಾತೆಗಳೂ ಅವರದ್ದೇ. ಇಷ್ಟಿದ್ದೂ ಸಾಲದೆ ಹೊಸ ಸಂಸತ್ತು ಸೇರಬೇಕಿದ್ದ 2021ರ ಫೆಬ್ರವರಿ 1ರಂದೇ ಅಧಿಕಾರ ಹಿಡಿದರು. ಮುಂದೆ ಸಾವಿರಾರು ಜನ ಮಿಜೋರಾಂಗೆ ಓಡಿಬಂದರು. ಒಳಗೆ ಬಿಡಬೇಡಿ ಎಂದು ದೆಹಲಿ ಹೇಳಿದರೂ, ಇವರು ನಮ್ಮ ರಕ್ತಸಂಬಂಧಿಗಳು ಎಂದು ಮಿಜೋರಾಂ ಸರ್ಕಾರ ಆಶ್ರಯ ಕೊಟ್ಟಿತು. ಅಲ್ಲಿನ ಜನರಲ್‌ಗಳ ಒಂದು ಬೆಳಗಿನ ತೀರ್ಮಾನ ಇಲ್ಲಿ ರಾಜ್ಯ ಮತ್ತು ಕೇಂದ್ರದ ನಡುವಿನ ಜಗಳವಾಯಿತು.

ಬಾಂಗ್ಲಾದೇಶದ ಸೇನೆ 2024ರಲ್ಲಿ ಯಾಕೆ ಅಧಿಕಾರ ಹಿಡಿಯಲಿಲ್ಲ?

1975, 1982ರಲ್ಲಿ ಅಲ್ಲಿ ಸೇನೆಯವರು ಸರ್ಕಾರ ಉರುಳಿಸಿದ ಇತಿಹಾಸ ನೋಡಿದವರಿಗೆ ಈ ಪ್ರಶ್ನೆ ಬರುವುದು ಸಹಜ. ಆಗಸ್ಟ್ 5ರಂದು ಶೇಖ್ ಹಸೀನಾ ದೇಶ ಬಿಟ್ಟಾಗ ಟಿವಿಯಲ್ಲಿ ಬಂದು ಹೇಳಿದವರು ಸೇನಾ ಮುಖ್ಯಸ್ಥರೇ. ಬೀದಿಯಲ್ಲಿದ್ದ ವಿದ್ಯಾರ್ಥಿಗಳು ಸೇನಾ ಆಡಳಿತವನ್ನು ಒಪ್ಪುತ್ತಿರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಅತಿ ಹೆಚ್ಚು ಸೈನಿಕರನ್ನು ಕಳಿಸುವ ದೇಶಗಳಲ್ಲಿ ಬಾಂಗ್ಲಾದೇಶ ಒಂದು. ಒಬ್ಬ ಸಾಮಾನ್ಯ ಸೈನಿಕನಿಗೆ ಅದು ಊರಲ್ಲಿ ಮನೆ ಕಟ್ಟಿಸುವ ಹಣ. ನೇರವಾಗಿ ಕುರ್ಚಿ ಹಿಡಿದರೆ ಆ ಬಾಗಿಲು ಮುಚ್ಚಬಹುದು ಎಂಬ ಲೆಕ್ಕ ಅಲ್ಲಿನ ಸೇನೆಗೆ ಚೆನ್ನಾಗಿ ಗೊತ್ತು.

ದಾಖಲೆಗಳು ಎಲ್ಲಿ ಸಿಗುತ್ತವೆ? ಎಲ್ಲ ರಹಸ್ಯ ಅಲ್ವಾ?

ಸುಮಾರು ರಹಸ್ಯ, ಇನ್ನು ಸುಮಾರು ಅಸಡ್ಡೆ. ದೆಹಲಿಯ ಜನಪಥದಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಸೂಚಿ ನೋಡಿ, ಕಡತದ ಸಂಖ್ಯೆ ಚೀಟಿಯಲ್ಲಿ ಬರೆದು ಕೊಡಬೇಕು. ಮಧ್ಯಾಹ್ನದ ಹೊತ್ತಿಗೆ ಚೀಟಿ ವಾಪಸ್ ಬರುತ್ತದೆ, ಮೇಲೆ 'ಎನ್‌ಟಿ' ಎಂದು ಎರಡೇ ಅಕ್ಷರ. 'ನಾಟ್ ಟ್ರಾನ್ಸ್‌ಫರ್ಡ್', ಅಂದರೆ ಸಚಿವಾಲಯ ಇನ್ನೂ ಆ ಕಡತವನ್ನು ಇಲ್ಲಿಗೆ ಕಳಿಸಿಯೇ ಇಲ್ಲ. ಸೂಚಿಯಲ್ಲಿ ಹೆಸರಿದೆ, ಕಪಾಟಿನಲ್ಲಿ ಕಡತವಿಲ್ಲ. ಓದುವ ಕೋಣೆಯಲ್ಲಿ ಪಕ್ಕದವರ ಚೀಟಿಯಲ್ಲೂ ಎನ್‌ಟಿ ಕಂಡರೆ ಇಬ್ಬರೂ ಮುಖ ನೋಡಿಕೊಂಡು ಟೀ ಕುಡಿಯಲು ಹೋಗುತ್ತೇವೆ.

1962ರ ಸೋಲಿನ ಬಗ್ಗೆ ಸೇನೆಯೇ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್-ಭಗತ್ ವರದಿ 1963ರಿಂದ ಬೀಗದೊಳಗಿದೆ. ಅದು ಇವತ್ತಿನ ಕಾರ್ಯಾಚರಣೆಗೂ ಸಂಬಂಧಪಟ್ಟದ್ದು ಎಂದು 2010ರಲ್ಲಿ ಸರ್ಕಾರ ಸಂಸತ್ತಿನಲ್ಲಿ ಹೇಳಿತು. 2014ರಲ್ಲಿ ಒಬ್ಬ ಹಳೆಯ ವಿದೇಶಿ ಪತ್ರಕರ್ತ ಅದರ ಒಂದು ಭಾಗವನ್ನು ಅಂತರ್ಜಾಲಕ್ಕೆ ಹಾಕಿದ್ದಾಯಿತು, ಜಗತ್ತೆಲ್ಲ ಓದಿತು. ಇಲ್ಲಿ ಇನ್ನೂ ರಹಸ್ಯ! 2021ರಲ್ಲಿ ರಕ್ಷಣಾ ಸಚಿವಾಲಯ ಹೊಸ ನೀತಿ ತಂದು, ಸಾಮಾನ್ಯವಾಗಿ 25 ವರ್ಷಕ್ಕೆ ದಾಖಲೆ ಬಹಿರಂಗ ಎಂದಿದೆ. ಆದರೆ 1962ರಂಥ ಹಳೆಯ ಯುದ್ಧಗಳ ದಾಖಲೆ ತನ್ನಷ್ಟಕ್ಕೆ ತೆರೆಯುವುದಿಲ್ಲ.

ಹಾಗಾಗಿ ಸುತ್ತುಬಳಸಿ ಹೋಗಬೇಕು. ರಕ್ಷಣೆಯ ಕಡತ ಸಿಗದಿದ್ದರೆ ವಿದೇಶಾಂಗದ ಕಡತ, ಅದೂ ಇಲ್ಲದಿದ್ದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿ, ಅಮೆರಿಕದ ರಾಯಭಾರಿಗಳು ಊರಿಗೆ ಬರೆದ ವರದಿಗಳು. ಮತ್ತೆ ವ್ಯಕ್ತಿಗಳ ಖಾಸಗಿ ಪತ್ರಸಂಗ್ರಹಗಳು. ಅವುಗಳಲ್ಲಿ ಬಹಳಷ್ಟು ಇರುವುದು ತೀನ್ ಮೂರ್ತಿಯ ಗ್ರಂಥಾಲಯದಲ್ಲಿ. ಹೌದು, ಮೇಲೆ ಹೇಳಿದ ಅದೇ ಬಂಗಲೆಯ ಆವರಣ.

ನಿವೃತ್ತ ಅಧಿಕಾರಿಗಳು ಮಾತಾಡುತ್ತಾರಾ?

ಮಾತಾಡುತ್ತಾರೆ. ಬೆಂಗಳೂರಿನಲ್ಲಿ ಅವರಿಗೇನು ಬರವಿಲ್ಲ. ಆದರೆ ಮೊದಲ ಭೇಟಿಯಲ್ಲಿ ಕೆಲಸದ ಪ್ರಶ್ನೆ ಕೇಳಬಾರದು. ಮೊದಲು ರೆಜಿಮೆಂಟ್, ಆಮೇಲೆ ಗಾಲ್ಫ್, ಆಮೇಲೆ ಮಕ್ಕಳು ಯಾವ ದೇಶದಲ್ಲಿದ್ದಾರೆ. ರೆಕಾರ್ಡರ್ ಆನ್ ಮಾಡಿದರೆ ಪುಸ್ತಕದಲ್ಲಿರುವುದನ್ನೇ ಹೇಳುತ್ತಾರೆ. ಆಫ್ ಮಾಡಿ ಬ್ಯಾಗಿಗೆ ಹಾಕಿ, ಕಾಫಿ ಬಂದ ಮೇಲೆ ನಿಜವಾದ ಮಾತು ಶುರು.

ಒಂದು ಮನೆಯಲ್ಲಿ ಯಜಮಾನರು ಒಂದು ಘಟನೆಯನ್ನು ಬಹಳ ಖಚಿತವಾಗಿ ಹೇಳುತ್ತಿದ್ದರು. ಚಕ್ಕುಲಿ ತಟ್ಟೆ ತಂದಿಟ್ಟ ಅವರ ಹೆಂಡತಿ ಅಲ್ಲೇ ನಿಂತು, "ರೀ, ಆ ವರ್ಷ ನಾವು ವೆಲ್ಲಿಂಗ್ಟನ್‌ನಲ್ಲಿದ್ವಿ, ಮಗಳಿಗೆ ಅಮ್ಮ ಆಗಿತ್ತು. ನೀವು ಹೇಳ್ತಿರೋದು ಅದರ ಮುಂದಿನ ವರ್ಷ" ಎಂದರು. ಯಜಮಾನರು ಒಂದು ನಿಮಿಷ ಸುಮ್ಮನಿದ್ದು, "ಹೌದಮ್ಮ, ಅವಳು ಹೇಳಿದ್ದು ಬರ್ಕೊಳ್ಳಿ" ಎಂದರು. ಅಂದಿನಿಂದ ನಾನು ಸಾಧ್ಯವಾದ ಕಡೆಯೆಲ್ಲ ದಂಪತಿಗಳನ್ನು ಒಟ್ಟಿಗೆ ಕೂರಿಸಿಕೊಂಡೇ ಮಾತಾಡುತ್ತೇನೆ. ವರ್ಗಾವಣೆಗಳ ಪಟ್ಟಿ ಮನೆಯವರಿಗೆ ನೆನಪಿದ್ದಷ್ಟು ಚೆನ್ನಾಗಿ ಯಾರಿಗೂ ನೆನಪಿರುವುದಿಲ್ಲ.

ಕಾನೂನಿನ ಕಡೆಯಿಂದ ಎರಡು ಮಾತು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ಜಾರಿಯಲ್ಲಿದೆ. 2021ರಲ್ಲಿ ಪಿಂಚಣಿ ನಿಯಮ ತಿದ್ದಿದ ಮೇಲೆ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರು ತಮ್ಮ ಕೆಲಸದ ಬಗ್ಗೆ ಬರೆಯಲು ಮೊದಲೇ ಅನುಮತಿ ಪಡೆಯಬೇಕು. ಎದುರಿಗಿರುವವರನ್ನು ತೊಂದರೆಗೆ ಸಿಕ್ಕಿಸುವ ಪ್ರಶ್ನೆ ಕೇಳಬೇಡಿ. ಅವರು ಹೇಳಿದರೂ ಕೆಲವನ್ನು ಬರೆಯಬೇಡಿ.

ಪಾಕಿಸ್ತಾನಕ್ಕೆ ಹೋಗದೆ ಪಾಕಿಸ್ತಾನದ ಬಗ್ಗೆ ಹೇಗೆ ಬರೆಯುತ್ತೀರಿ?

ಅಲ್ಲಿನ ಪತ್ರಿಕೆ, ಕೋರ್ಟ್ ತೀರ್ಪು, ಸಂಸತ್ತಿನ ಚರ್ಚೆ, ಜನರಲ್‌ಗಳ ಆತ್ಮಕತೆ. ಇವೆಲ್ಲ ಇಂಗ್ಲಿಷಿನಲ್ಲೇ ರಾಶಿ ಇವೆ. ಉರ್ದು ಕಲಿತರೆ ಬೇರೆಯದೇ ಲೋಕ ತೆರೆಯುತ್ತದೆ. ವೀಸಾ ಮೊದಲೂ ಕಷ್ಟವಿತ್ತು. ಸಿಕ್ಕಿದರೂ ಇಂಥಿಂಥ ಊರಿಗೆ ಮಾತ್ರ ಎಂದು ಬರೆದಿರುತ್ತಿತ್ತು, ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಆ ದಾರಿಯೂ ಬಂದ್ ಆಯಿತು. ಅಲ್ಲಿನ ವಿದ್ವಾಂಸರನ್ನು ನಾವು ಭೇಟಿಯಾಗುವುದು ಕೊಲಂಬೊ, ಕಠ್ಮಂಡು ಅಥವಾ ದುಬೈನಲ್ಲಿ. ವೇದಿಕೆಯ ಮೇಲೆ ಇಬ್ಬರೂ ತಂತಮ್ಮ ಸರ್ಕಾರದ ಮಾತಾಡುತ್ತೇವೆ. ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ತಂತಮ್ಮ ಸರ್ಕಾರವನ್ನು ಬೈಯುತ್ತೇವೆ. ಎರಡನೆಯದೇ ಜಾಸ್ತಿ ಉಪಯೋಗ.

ಏನು ಓದಬೇಕು? ಎಲ್ಲಿ?

ರಾಜ್ಯಶಾಸ್ತ್ರ, ಇತಿಹಾಸ ಅಥವಾ ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂಎ. ಅರ್ಥಶಾಸ್ತ್ರದವರು ಬಂದರೆ ಇನ್ನೂ ಒಳ್ಳೆಯದು, ರಕ್ಷಣಾ ಬಜೆಟ್ ಓದಲು ಬರುವವರು ನಮ್ಮಲ್ಲಿ ತೀರ ಕಡಿಮೆ. ದೆಹಲಿಯಲ್ಲಿ ಜೆಎನ್‌ಯು ಇದೆ. ಪುಣೆ ಮತ್ತು ಮದ್ರಾಸ್ ವಿಶ್ವವಿದ್ಯಾಲಯಗಳ ರಕ್ಷಣಾ ಅಧ್ಯಯನ ವಿಭಾಗಗಳು ಹಳೆಯವು. ಕರ್ನಾಟಕದಲ್ಲೇ ಬೇಕೆಂದರೆ ಮಣಿಪಾಲದಲ್ಲಿ ಭೂರಾಜಕೀಯದ ವಿಭಾಗವಿದೆ. ಬೆಂಗಳೂರಿನ ನಿಯಾಸ್ ಮತ್ತು ತಕ್ಷಶಿಲಾದಲ್ಲಿ ಸಂಶೋಧನೆ ನಡೆಯುತ್ತದೆ. ಕಾಲೇಜಿನಲ್ಲಿ ಪಾಠ ಮಾಡಲು, ಫೆಲೋಶಿಪ್ ಪಡೆಯಲು ಬರೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ರಕ್ಷಣಾ ಅಧ್ಯಯನ ಪ್ರತ್ಯೇಕ ವಿಷಯವಾಗಿಯೇ ಇದೆ. ಆದರೂ ಕೆಲಸದ ದೃಷ್ಟಿಯಿಂದ ರಾಜ್ಯಶಾಸ್ತ್ರದಲ್ಲಿ ಬರೆಯುವುದು ಕ್ಷೇಮ, ಪಾಠ ಮಾಡುವ ಹುದ್ದೆಗಳು ಅಲ್ಲೇ ಜಾಸ್ತಿ.

ಸಂಬಳ ಎಷ್ಟು?

ಪಿಎಚ್‌ಡಿ ಮಾಡುವವರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಹಣ ಸಮಯಕ್ಕೆ ಬರುತ್ತದೆ ಎಂದು ನಂಬಿ ಸಾಲ ಮಾಡಬೇಡಿ. ಸಹಾಯಕ ಪ್ರಾಧ್ಯಾಪಕರಿಗೆ ಮೂಲ ವೇತನ 57,700ರಿಂದ ಶುರು, ಆದರೆ ಅಲ್ಲಿಗೆ ತಲುಪುವ ಮುಂಚೆ ಅತಿಥಿ ಉಪನ್ಯಾಸಕರಾಗಿ ಕೆಲವು ವರ್ಷ ಕಳೆಯಬೇಕಾಗುತ್ತದೆ. ಚಿಂತನಾ ಸಂಸ್ಥೆಗಳಲ್ಲಿ ಕೆಲಸ ಒಂದು ವರ್ಷ, ಎರಡು ವರ್ಷದ ಕರಾರಿನ ಮೇಲೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಹೆಣ್ಣುಮಕ್ಕಳಿಗೆ ಈ ಕ್ಷೇತ್ರ ಕಷ್ಟವಾ?

ಮೊದಲ ಐದು ನಿಮಿಷ ಕಷ್ಟ. ಸಭೆಗೆ ಹೋದರೆ ಟೀ ವ್ಯವಸ್ಥೆ ನೋಡಿಕೊಳ್ಳುವವಳು ಎಂದುಕೊಂಡವರಿದ್ದಾರೆ. ಹಿರಿಯ ಜನರಲ್‌ಗಳು 'ಬೇಟಾ' ಎಂದೇ ಕರೆಯುತ್ತಾರೆ, ಅದು ಗಂಡುಹುಡುಗರಿಗೂ ಅಷ್ಟೇ ಬಿಡಿ. ಒಂದು ಲಾಭವೂ ಇದೆ. ಇವಳಿಗೇನು ಗೊತ್ತು ಎಂದುಕೊಂಡು ವಿವರವಾಗಿ, ಬುಡದಿಂದ ಹೇಳುತ್ತಾರೆ. ನಾನು ಸುಮ್ನೆ ಬರೆದುಕೊಳ್ಳುತ್ತೇನೆ.

ಸೇನೆಯನ್ನು ಪ್ರಶ್ನಿಸುವುದು ದೇಶದ್ರೋಹ ಅಲ್ವಾ?

ಸಂಸದರೇ ಪ್ರಶ್ನಿಸುತ್ತಾರೆ, ಲೆಕ್ಕ ಪರಿಶೋಧಕರು ಪ್ರಶ್ನಿಸುತ್ತಾರೆ, ಸುಪ್ರೀಂ ಕೋರ್ಟ್ ಪ್ರಶ್ನಿಸುತ್ತದೆ. 2020ರ ಫೆಬ್ರವರಿಯಲ್ಲಿ ಕೋರ್ಟ್ ಪ್ರಶ್ನಿಸಿದ್ದರಿಂದಲೇ ಮಹಿಳಾ ಅಧಿಕಾರಿಗಳಿಗೆ ಕಾಯಂ ಸೇವೆ ಸಿಕ್ಕಿದ್ದು. ಸೈನಿಕನ ಧೈರ್ಯವನ್ನು ಯಾರೂ ಪ್ರಶ್ನಿಸುತ್ತಿಲ್ಲ. ಅವನಿಗೆ ಕೊಟ್ಟ ಬೂಟು, ಬಂದೂಕು, ಆದೇಶಗಳನ್ನು ಪ್ರಶ್ನಿಸುತ್ತೇವೆ. ಗಮನಿಸಿ, ಈ ಪ್ರಶ್ನೆಯನ್ನು ಸೇನೆಯಲ್ಲಿದ್ದವರು ನನಗೆ ಕೇಳುವುದು ಬಹಳ ಅಪರೂಪ.

ಟಿವಿ ಚರ್ಚೆಗೆ ಯಾಕೆ ಬರುವುದಿಲ್ಲ?

ಕಿರುಚಲು ಬರುವುದಿಲ್ಲ.

ಕನ್ನಡದಲ್ಲಿ ಓದಿದವರು ಎಲ್ಲಿಂದ ಶುರು ಮಾಡಬಹುದು? ದೆಹಲಿಗೆ ಹೋಗಲು ಆಗದಿದ್ದರೆ?

ಬೆಳಗಾವಿಯಿಂದ. ತಮಾಷೆಗೆ ಹೇಳುತ್ತಿಲ್ಲ. ಅಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿದೆ, ಸುತ್ತ ಕಂಟೋನ್ಮೆಂಟ್ ಇದೆ. 2006ರ ಕಾಯ್ದೆ ಪ್ರಕಾರ ಕಂಟೋನ್ಮೆಂಟ್ ಬೋರ್ಡ್‌ನ ಅಧ್ಯಕ್ಷರು ಅಲ್ಲಿನ ಸೇನಾ ಅಧಿಕಾರಿ, ಉಪಾಧ್ಯಕ್ಷರು ಜನ ಆರಿಸಿದ ಸದಸ್ಯರಲ್ಲಿ ಒಬ್ಬರು. ನಲ್ಲಿ ನೀರು, ಬೀದಿ ದೀಪ, ಮನೆ ಮೇಲೊಂದು ಮಹಡಿ ಕಟ್ಟಲು ಅನುಮತಿ, ಎಲ್ಲ ಆ ಮೇಜಿನ ಮೇಲೆ ತೀರ್ಮಾನ. 2023ರಲ್ಲಿ ದೇಶದ ಕಂಟೋನ್ಮೆಂಟ್‌ಗಳಿಗೆ ಚುನಾವಣೆ ಘೋಷಿಸಿ ರದ್ದು ಮಾಡಿದರು, ನಾಗರಿಕ ಪ್ರದೇಶಗಳನ್ನು ಪಕ್ಕದ ಪಾಲಿಕೆಗಳಿಗೆ ಸೇರಿಸುವ ಕೆಲಸ ಶುರುವಾಯಿತು. ಅಲ್ಲಿನ ಅಂಗಡಿಯವರನ್ನು, ಹಳೆಯ ಸದಸ್ಯರನ್ನು, ನಿವೃತ್ತ ಸುಬೇದಾರರನ್ನು ಮಾತಾಡಿಸಿ. ಯಾವ ರಸ್ತೆಗೆ ಸೇನೆ ಗೇಟ್ ಹಾಕಿತು, ಯಾರು ಅರ್ಜಿ ಕೊಟ್ಟರು, ಅರ್ಜಿ ಯಾವ ಕಚೇರಿಯಲ್ಲಿ ಕೂತಿದೆ ಎಂದು ಬರೆದುಕೊಳ್ಳಿ. ಕನ್ನಡ, ಮರಾಠಿ, ಸ್ವಲ್ಪ ಹಿಂದಿ ಸಾಕು. ನನಗೆ ತಿಳಿದ ಮಟ್ಟಿಗೆ ಕನ್ನಡದಲ್ಲಿ ಇದರ ಬಗ್ಗೆ ಕೂತು ಬರೆದವರು ಕಡಿಮೆ.

ಜೊತೆಗೆ ರಕ್ಷಣಾ ಸ್ಥಾಯಿ ಸಮಿತಿಯ ವರದಿಗಳನ್ನು ಓದಿ. ಸಂಸತ್ತಿನ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಶಿಫಾರಸುಗಳಿಗೆ ಸರ್ಕಾರ ಕೊಟ್ಟ ಉತ್ತರಗಳ ವರದಿ ಬೇರೆಯೇ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಸರ್ಕಾರ 'ಗಮನಿಸಲಾಗಿದೆ' ಎಂದು ಹೇಳಿ ಮುಗಿಸಿದ ಕಡೆಯಲ್ಲೆಲ್ಲ ಗುರುತು ಹಾಕಿ. ನಿಮ್ಮ ಪಿಎಚ್‌ಡಿ ವಿಷಯ ಅಲ್ಲೇ ಎಲ್ಲೋ ಇರುತ್ತದೆ.